ಹಳೇ ಮಾರುಕಟ್ಟೆಯ ಮೈಕಕ್ಕ

ಕೋಟೆಯ ಮೂಡಣ ಬಾಗಿಲಿನ ನೆತ್ತಿಯ ಮೇಲೆ ಒಂದು ಸಣ್ಣ ಕೋಣೆಯಿದೆ. ರಾಜರ ಕಾಲದಲ್ಲಿ ಅಲ್ಲಿ ಪಹರೆಯವರು ಕೂತು ಊರೊಳಗೆ ಬರುವವರನ್ನು, ಹೋಗುವವರನ್ನು ನೋಡುತ್ತಿದ್ದರಂತೆ. ಈಗ ಅದು ಹಳೇ ಮಾರುಕಟ್ಟೆಯ ಪ್ರಕಟಣೆ ಕೋಣೆ. ಕಡಿದಾದ ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಒಂದು ಮೇಜು, ಕರವಸ್ತ್ರ ಸುತ್ತಿದ ಮೈಕು, ಬಿಸಿಯೇರಿ ಗುಂಯ್‌ಗುಡುವ ಹಳೇ ಧ್ವನಿವರ್ಧಕ ಯಂತ್ರ, ತಪ್ಪಿಸಿಕೊಂಡವರು ಕೂರಲು ಒಂದು ಬೆಂಚು. ಗೋಡೆಯ ಕಪಾಟಿನಲ್ಲಿ ಯಾರೂ ಕೇಳಿಕೊಂಡು ಬಾರದ ಛತ್ರಿಗಳು, ಕನ್ನಡಕಗಳು, ಒಂಟಿ ಚಪ್ಪಲಿಗಳು.

ಅರಮನೆ, ಗಡಿಯಾರದ ಗೋಪುರ, ವಸ್ತುಸಂಗ್ರಹಾಲಯ ಎಲ್ಲ ನೋಡಿಕೊಂಡು ಪ್ರವಾಸಿಗರು ಕೊನೆಗೆ ಬಂದು ಬೀಳುವುದು ಈ ಮಾರುಕಟ್ಟೆಗೇ. ಪಾತ್ರೆ ಬೀದಿ, ಶಾಲಿನ ಬೀದಿ, ಚರ್ಮದವರ ಬೀದಿ, ಅತ್ತರಿನ ಓಣಿ ಒಂದರ ಹೊಟ್ಟೆಯೊಳಗೆ ಇನ್ನೊಂದು ಹೊಕ್ಕಂತೆ ಇವೆ. ಒಳಗೆ ಹೋದವರು ಹೋದ ದಾರಿಯಲ್ಲೇ ಹೊರಗೆ ಬಂದ ಉದಾಹರಣೆ ಕಡಿಮೆ. ರಜೆಯ ದಿನಗಳಲ್ಲಂತೂ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಮಕ್ಕಳು ಅಪ್ಪನ ಕೈ ಎಂದು ಬೇರೆ ಯಾರದೋ ಕೈ ಹಿಡಿದು ನಡೆದುಬಿಡುತ್ತವೆ. ಆಗ ಕಂಬಗಳ ಮೇಲಿನ ತುತ್ತೂರಿಗಳಿಂದ ಒಂದು ಹೆಣ್ಣುದನಿ ಹರಿದುಬರುತ್ತದೆ: "ದಯವಿಟ್ಟು ಗಮನಿಸಿ. ನೀಲಿ ಸ್ವೆಟರ್ ಹಾಕಿರುವ ಪುಟ್ಟ ಹುಡುಗಿಯೊಬ್ಬಳು ಮೂಡಣ ಬಾಗಿಲಿನ ಮೇಲಿನ ಕೋಣೆಯಲ್ಲಿದ್ದಾಳೆ. ಅಮ್ಮನ ಹೆಸರೇನು ಅಂದರೆ 'ಅಮ್ಮ' ಅನ್ನುತ್ತಿದ್ದಾಳೆ. ಆ ಅಮ್ಮ ಎಲ್ಲಿದ್ದರೂ ಬೇಗ ಬರಬೇಕು."

ಆ ದನಿಯವಳೇ ಮೈಕಕ್ಕ.

ಅವಳ ಅಪ್ಪ ಅದೇ ಮಾರುಕಟ್ಟೆಯ ತೂಕದ ಕಟ್ಟೆಯಲ್ಲಿ ಮೂಟೆ ತೂಗುತ್ತಿದ್ದವನು. ಗದ್ದಲದ ಮೇಲೆ ಕೇಳಿಸುವಂತೆ ಅಪ್ಪನಿಗೆ ಊಟಕ್ಕೆ ಕೂಗು ಹಾಕುತ್ತ ಬೆಳೆದ ಹುಡುಗಿಯ ಗಂಟಲು ಗಂಟೆಯಂತಿತ್ತು. ಪ್ರಕಟಣೆಗೆ ಜನ ಬೇಕೆಂದಾಗ ಆಗಿನ ಮೇಲ್ವಿಚಾರಕರು ಅವಳನ್ನೇ ಕರೆದು ಕೂರಿಸಿದರು. ಮದುವೆಯ ಮಾತು ಬಂದಾಗಲೆಲ್ಲ ಅಮ್ಮನ ಕಾಯಿಲೆ ಅಡ್ಡ ಬಂತು. ಹಾಸಿಗೆ ಹಿಡಿದ ಅಮ್ಮನನ್ನು ಬಿಟ್ಟು ಹೋಗುವುದೆಲ್ಲಿಗೆ? ಅಮ್ಮ ಕಣ್ಣು ಮುಚ್ಚಿದಾಗ ಇವಳ ತಲೆ ಅರ್ಧ ನರೆತಿತ್ತು. ಕೇಳಿಕೊಂಡು ಬರುವವರೂ ನಿಂತುಹೋಗಿದ್ದರು.

ಬಣ್ಣದವರ ಓಣಿಯ ಹಿಂದೆ ಒಂದು ಮಹಡಿ ಕೋಣೆಯಲ್ಲಿ ಅವಳ ವಾಸ. ಕೆಳಗಿದ್ದ ಮನೆಯೊಡತಿಗೆ ಕಿವಿ ಪೂರಾ ಮಂದ. ಹೀಗಾಗಿ ಊರಿಗೆಲ್ಲ ಕೇಳಿಸುವ ದನಿ ಮನೆಯಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಮುಖವಂತೂ ಮಾರುಕಟ್ಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಗಡಿ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲು ಹತ್ತುವಳು, ಬಾಗಿಲು ಹಾಕಿದ ಮೇಲೆ ಇಳಿಯುವಳು. ಊಟದ ಡಬ್ಬಿಯನ್ನು ಆ ಬಿಸಿ ಯಂತ್ರದ ಮೇಲಿಟ್ಟು ಅಲ್ಲೇ ಉಣ್ಣುವಳು. ಒಮ್ಮೆ ತರಕಾರಿ ಕೊಳ್ಳುವಾಗ ಮಾರುವವಳು ತಲೆಯೆತ್ತಿ, "ಏನ್ರೀ, ನೀವು ಥೇಟ್ ಮೈಕಕ್ಕನ ಥರಾನೇ ಮಾತಾಡ್ತೀರಲ್ಲ!" ಅಂದಳು.

"ಹೌದಾ?" ಎಂದು ಇವಳು ಚೀಲ ಹಿಡಿದು ಮನೆಗೆ ಬಂದಳು. ಅದು ನಾನೇ ಎಂದು ಹೇಳಬಹುದಿತ್ತು.

ಚಳಿಗಾಲದ ರಜೆಯ ಒಂದು ಮಧ್ಯಾಹ್ನ. ಆಗತಾನೇ ಅಜ್ಜನೊಬ್ಬನನ್ನು ಅವನ ಮೊಮ್ಮಕ್ಕಳಿಗೆ ಒಪ್ಪಿಸಿ ಕೂತಿದ್ದಳು. ತಪ್ಪಿಸಿಕೊಂಡದ್ದು ಮೊಮ್ಮಕ್ಕಳು, ತಾನಲ್ಲ ಎಂದು ಅಜ್ಜ ಕೊನೆಯವರೆಗೂ ವಾದಿಸಿದ್ದ. ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಸದ್ದಾಯಿತು. ಎರಡು ಹೆಗಲಿಗೂ ಚೀಲ, ಕೈಯಲ್ಲೊಂದು ಚೀಲ, ಕಂಕುಳಲ್ಲಿ ಮಕ್ಕಳ ಕೋಟು ಹೊತ್ತ ಹೆಂಗಸೊಬ್ಬಳು ಏದುಸಿರು ಬಿಡುತ್ತ ಒಳಗೆ ಬಂದಳು. ವಯಸ್ಸು ಮೈಕಕ್ಕನಿಗಿಂತ ಒಂದೆರಡು ವರ್ಷ ಕಡಿಮೆ ಇದ್ದೀತು.

"ಯಾರು ತಪ್ಪಿಸಿಕೊಂಡ್ರು, ಮಗೂನಾ?" ಮೈಕಕ್ಕ ಕೇಳಿದಳು.

"ಇಲ್ಲ. ನಾನೇ ತಪ್ಪಿಸಿಕೊಂಡೆ."

"ಯಾರ ಜೊತೆ ಬಂದಿದ್ರಿ?"

"ಅಣ್ಣನ ಮನೆಯೋರ ಜೊತೆ. ಅಣ್ಣ, ಅತ್ತಿಗೆ, ಮಕ್ಕಳು."

ಮೈಕಕ್ಕ ಅಭ್ಯಾಸದಂತೆ ಮೈಕಿನ ಗುಂಡಿಗೆ ಕೈ ಹಾಕಿದಳು. ಆ ಹೆಂಗಸು ಚೀಲ ಕೆಳಗಿಟ್ಟು ಅವಳ ಕೈ ಮೇಲೆ ತನ್ನ ಕೈ ಇಟ್ಟಳು.

"ಈಗಲೇ ಬೇಡ ಕಣ್ರೀ. ಸ್ವಲ್ಪ ಹೊತ್ತು ಹೀಗೇ ಇರ್ತೀನಿ."

ತಪ್ಪಿಸಿಕೊಂಡೆ ಅಂದರೆ ದಾರಿ ತಪ್ಪಿದೆ ಎಂದೇ ಮೈಕಕ್ಕ ತಿಳಿದಿದ್ದಳು. ಆ ಮಾತಿನ ಇನ್ನೊಂದು ಅರ್ಥ ಈಗ ಹೊಳೆಯಿತು.

"ಅವರೇನಾದ್ರೂ... ಹೊಡೆಯೋದು, ಬಯ್ಯೋದು?"

"ಅಯ್ಯೋ ಇಲ್ಲಪ್ಪ! ಅಣ್ಣ ದೇವರಂಥೋನು. ಅತ್ತಿಗೇನೂ ಒಳ್ಳೆಯೋಳೆ. ಯಾರೂ ಒಂದು ಮಾತು ಅನ್ನಲ್ಲ. 'ಅತ್ತೆ ಇದಾಳಲ್ಲ' ಅಂತಾರೆ, ಅಷ್ಟೆ." ಹೆಂಗಸು ಬೆಂಚಿಗೆ ಒರಗಿದಳು. "ಪ್ರವಾಸ ಹೊರಟು ವಾರ ಆಯ್ತು. ಎಲ್ಲಿಗೆ ಹೋದ್ರೂ ಚೀಲ ನೋಡ್ಕೊಳ್ಳೋಕೆ ಯಾರು? ಅತ್ತೆ ಇದಾಳಲ್ಲ. ಮಗು ನಿದ್ದೆ ಮಾಡ್ತು, ಎತ್ಕೊಂಡು ಕೂರೋಕೆ ಯಾರು? ಅತ್ತೆ ಇದಾಳಲ್ಲ. ಬೆಳಿಗ್ಗೆ ಅರಮನೆಗೆ ಹೋದ್ವಿ. ಅರಮನೆ ಹೇಗಿದೆ ಅಂತ ಕೇಳಿದ್ರೆ ಬಾಗಿಲ ಹತ್ರ ಇರೋ ಕಲ್ಲಿನ ಕಟ್ಟೆ ತಣ್ಣಗಿದೆ ಅಂತ ಹೇಳಬಲ್ಲೆ."

ಮೈಕಕ್ಕನಿಗೆ ನಗು ಬಂತು. ಆಮೇಲೆ ನಗು ನಿಂತಿತು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಅರಮನೆಯ ಬಗ್ಗೆ ದಿನಾ ಮೈಕಿನಲ್ಲಿ ಹೇಳುತ್ತಿದ್ದವಳು ತಾನೂ ಶಾಲೆಯ ದಿನಗಳಲ್ಲಿ ಯಾವಾಗಲೋ ಒಮ್ಮೆ ಒಳಗೆ ಹೋಗಿದ್ದಷ್ಟೆ.

"ನಿಮ್ಮನ್ನ ಏನಂತ ಕರೀಲಿ?"

"ಎಲ್ಲರೂ ಅತ್ತೆ ಅಂತಾರೆ. ಮಕ್ಕಳು ಕರೆದು ಕರೆದು ಈಗ ಅಣ್ಣನೂ ಹಾಗೇ ಕರೀತಾನೆ. ನಿಮ್ಮನ್ನ?"

"ಮೈಕಕ್ಕ ಅಂತಾರೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೈಕಕ್ಕ ಅದುವರೆಗೆ ಎಂದೂ ಮಾಡದ ಕೆಲಸವೊಂದನ್ನು ಮಾಡಿದಳು. ಕಿಟಕಿಯಿಂದ ತಲೆ ಹಾಕಿ ಗೇಟಿನ ಕಾವಲುಗಾರನನ್ನು ಕರೆದಳು. ದೊಡ್ಡ ಮೀಸೆಯ ಮುದುಕ ಆತ. ಮಂಡಿನೋವಿಗೆ ಶಾಪ ಹಾಕುತ್ತ ಮೇಲೆ ಬಂದ.

"ಮೀಸೆ ಮಾವ, ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಳ್ಳಿ. ಹೊರಗೆ ಹೋಗಿ ಬರ್ತೀನಿ."

"ಹೊರಗೆ? ನೀನಾ?" ಮುದುಕ, ಸೂರ್ಯ ಯಾವ ಕಡೆ ಇದ್ದಾನೆ ಎಂದು ಕಿಟಕಿಯಲ್ಲಿ ನೋಡಿದ. "ಯಾರಾದ್ರೂ ಬಂದ್ರೆ ಏನು ಮಾಡ್ಲಿ?"

"ಕೂರಿಸಿಕೊಳ್ಳಿ. ಮೈಕ್ ಮುಟ್ಟಬೇಡಿ."

ಅತ್ತೆ ಚೀಲಗಳನ್ನೆಲ್ಲ ಬೆಂಚಿನ ಮೇಲೆ ಸಾಲಾಗಿಟ್ಟು, ಕೋಟನ್ನು ಮಡಚಿ ಅದರ ಮೇಲಿಟ್ಟಳು. ಕೈಗಳು ಖಾಲಿಯಾದದ್ದೇ ತಡ, ಅವನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಒಂದನ್ನೊಂದು ಉಜ್ಜಿಕೊಂಡಳು.

ಅರಮನೆಯಲ್ಲಿ ಅವರು ಯಾವ ಅವಸರವೂ ಇಲ್ಲದೆ ಅಡ್ಡಾಡಿದರು. ಕನ್ನಡಿಗಳ ಹಜಾರದಲ್ಲಿ ಇಬ್ಬರು ಹೆಂಗಸರು ಹೆಂಗಸರ ಹಿಂಡೇ ಆದರು. ಛತ್ರಿ ಎತ್ತಿಹಿಡಿದ ಮಾರ್ಗದರ್ಶಿಯೊಬ್ಬ ತನ್ನ ಗುಂಪನ್ನು ಕೋಳಿಮರಿಗಳಂತೆ ಅಟ್ಟಿಕೊಂಡು ಹೋದ. ಇವರು ಅವನನ್ನು ಮುಂದೆ ಬಿಟ್ಟು ಹಿಂದೆ ಉಳಿದರು. ರಾಜನ ಮಂಚದ ಮುಂದೆ ಅತ್ತೆ ನಿಂತೇ ಬಿಟ್ಟಳು.

"ಇಷ್ಟು ಗಿಡ್ಡ ಮಂಚದಲ್ಲಿ ರಾಜ ಹೇಗೆ ಮಲಗ್ತಿದ್ದ?"

"ಕಾಲು ಮುದುರಿಕೊಂಡು."

"ರಾಜ ಆಗಿ ಏನು ಸುಖ ಹೇಳಿ! ನಮ್ಮನೇಲಿ ಮಕ್ಕಳು ಕಾಲು ಚಾಚಿ ಮಲಗಿ ನನ್ನನ್ನ ಮುದುರಿಸಿಬಿಡ್ತಾರೆ. ನಾನೂ ರಾಣೀನೇ ಅಂತಾಯ್ತು."

ಅವರ ನಗು ಆ ಎತ್ತರದ ಚಾವಣಿಗೆ ತಾಗಿ ತಿರುಗಿ ಬಂತು. ಮೂಲೆಯಲ್ಲಿ ನಿಂತಿದ್ದ ಸಿಬ್ಬಂದಿ ಕಣ್ಣು ಕೆಕ್ಕರಿಸಿ, "ಸದ್ದು ಮಾಡಬೇಡಿ" ಎಂದು ಗದರಿದ. ಮೈಕಕ್ಕ ಜೀವಮಾನದಲ್ಲಿ ಮೊದಲ ಸಲ ಸದ್ದು ಮಾಡಿದ್ದಕ್ಕೆ ಬೈಸಿಕೊಂಡಳು. ಅದು ಅವಳಿಗೆ ಹಿತವೆನಿಸಿತು.

ಅಲ್ಲಿಂದ ಶಾಲಿನ ಬೀದಿಗೆ ಬಂದರು. ಅತ್ತೆ ಒಂದು ಹಸಿರು ಶಾಲನ್ನು ಹೊದ್ದು ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದಳು. ಅಂಗಡಿಯವನು ಬಾಯಿಗೆ ಬಂದ ಬೆಲೆ ಹೇಳಿದ. ಮೈಕಕ್ಕ ಸೊಂಟಕ್ಕೆ ಕೈಯಿಟ್ಟು ಚೌಕಾಸಿಗೆ ನಿಂತಳು. ಎರಡನೇ ಮಾತಿಗೇ ಅಂಗಡಿಯವನ ಮುಖ ಬದಲಾಯಿತು.

"ತಡೀರಿ, ತಡೀರಿ. ಇದು... ನೀವು ಮೈಕಕ್ಕ ಅಲ್ವಾ?"

ಉತ್ತರ ಕೊಟ್ಟವಳು ಅತ್ತೆ: "ಹೌದು! ಇವರೇ! ನನ್ನ ಜೊತೆ ಬಂದಿದಾರೆ."

ಅಕ್ಕಪಕ್ಕದ ಅಂಗಡಿಯವರು ಇಣುಕಿದರು. ಒಬ್ಬ ತನ್ನ ಮಗ ಕೈತಪ್ಪಿದ್ದ ದಿನವನ್ನು ನೆನೆದು ಕೈ ಮುಗಿದ. ಇನ್ನೊಬ್ಬ, "ನಾವು ಇನ್ನೂ ದಪ್ಪಗಿರ್ತೀರಿ ಅಂದ್ಕೊಂಡಿದ್ವಿ" ಎಂದ. ಮೈಕಕ್ಕನ ಮುಖ ಕಿವಿಯವರೆಗೂ ಕೆಂಪೇರಿತು. ಶಾಲನ್ನೇನೋ ಕೊಳ್ಳಲಿಲ್ಲ. ಅತ್ತೆ ಅದನ್ನು ಮಡಚಿಟ್ಟು, "ಹೊದ್ದು ನೋಡಿದ್ದಾಯ್ತಲ್ಲ, ಸಾಕು" ಎಂದಳು.

ಬೀದಿಯ ತುದಿಯ ಚಹಾದಂಗಡಿಯಲ್ಲಿ ಎದುರುಬದುರು ಕೂತರು. ಅತ್ತೆ ಚಿಕ್ಕಂದಿನಲ್ಲಿ ತಾನು ಚಿತ್ರ ಬರೆಯುತ್ತಿದ್ದುದನ್ನು ಹೇಳಿದಳು. ಗಂಡ ಸತ್ತದ್ದನ್ನು ಒಂದೇ ವಾಕ್ಯದಲ್ಲಿ ಮುಗಿಸಿದಳು. ಅಣ್ಣನ ಮನೆಗೆ ಬಂದಾಗ ಅವನ ಹಿರೇಮಗ ಇನ್ನೂ ಅತ್ತಿಗೆಯ ಹೊಟ್ಟೆಯಲ್ಲಿದ್ದ. ಈಗ ಅವನು ಅವಳಿಗಿಂತ ಎತ್ತರ. ಮೈಕಕ್ಕ ಕೇಳುತ್ತ ಕೂತಳು. ತನ್ನ ಎದುರಿಗೆ ಒಬ್ಬರು ಕೂತು, ಬೇರೆ ಯಾರನ್ನೂ ಹುಡುಕದೆ, ತನ್ನ ಮುಖವನ್ನೇ ನೋಡಿ ಮಾತಾಡಿದ್ದು ಅಮ್ಮ ಹೋದ ಮೇಲೆ ಇದೇ ಮೊದಲು.

"ನನ್ನ ಕೋಣೇಲಿ ಅಮ್ಮನ ಮಂಚ ಹಾಗೇ ಇದೆ," ಅಂದಳು. ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಆದರೂ ನಿಲ್ಲಿಸಲಿಲ್ಲ. "ಕಿಟಕಿ ಪಕ್ಕ. ಬಿಸಿಲು ಬರುತ್ತೆ. ಗಿಡ್ಡ ಇಲ್ಲ, ಕಾಲು ಚಾಚಬಹುದು."

ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಏನೋ ಹೇಳಲೆಂದು ತುಟಿ ತೆರೆದಳು.

ಅಷ್ಟರಲ್ಲಿ ತಲೆಯ ಮೇಲಿನ ತುತ್ತೂರಿ ಕರಕರ ಅಂದಿತು. ಮೊದಲು ಮೀಸೆ ಮಾವ ಫೂ ಫೂ ಎಂದು ಊದಿದ ಸದ್ದು. ಆಮೇಲೆ, "ಇಲ್ಲಿ ಮಾತಾಡು, ಪುಟ್ಟಾ, ಇದರೊಳಗೆ." ಆಮೇಲೆ ಒಂದು ಎಳೆಯ ದನಿ, ಇಡೀ ಮಾರುಕಟ್ಟೆಯ ಮೇಲೆ:

"ಅತ್ತೇ... ನಾನು ಕಣೇ. ನೀನು ತಪ್ಪಿಸಿಕೊಂಡಿದ್ದೀಯಂತೆ. ಅಳಬೇಡ. ಎಲ್ಲಿದ್ದೀಯೋ ಅಲ್ಲೇ ನಿಂತ್ಕೋ. ಯಾರಾದ್ರೂ ಮಿಠಾಯಿ ಕೊಟ್ರೆ ತಗೋಬೇಡ. ನಾವು ಬರ್ತೀವಿ."

ಚಹಾದಂಗಡಿಯಲ್ಲಿ ಕೂತವರೆಲ್ಲ ನಕ್ಕರು. ಅತ್ತೆಯೂ ನಕ್ಕಳು, ನಗುತ್ತಿದ್ದಂತೆ ಕಣ್ಣು ತುಂಬಿ ಹರಿಯಿತು.

"ನಾನೇ ಹೇಳಿಕೊಟ್ಟಿದ್ದು ಅವಳಿಗೆ. ಒಂದಕ್ಷರ ಮರೆತಿಲ್ಲ ನೋಡಿ."

ಎದ್ದು ಹೊರಟೇಬಿಟ್ಟಳು. ಅಷ್ಟು ಜನರ ನಡುವೆ ಅಷ್ಟು ಬೇಗ ಹೇಗೆ ದಾರಿ ಮಾಡಿಕೊಂಡಳೋ! ಮೈಕಕ್ಕ ಹಿಂದಿನಿಂದ, "ಎಡಕ್ಕೆ! ಪಾತ್ರೆ ಬೀದಿಯಲ್ಲಿ ಎಡಕ್ಕೆ!" ಎಂದು ಕೂಗುತ್ತ ಓಡಿದಳು. ಎಷ್ಟೆಂದರೂ ದಾರಿ ತೋರಿಸುವುದು ಅವಳ ಕೆಲಸವಲ್ಲವೇ?

ಕೋಣೆಯಲ್ಲಿ ಅಣ್ಣನ ಸಂಸಾರ ನೆರೆದಿತ್ತು. ಅವರು ಮಾರುಕಟ್ಟೆಯನ್ನೆಲ್ಲ ಸುತ್ತಿ ಸುಸ್ತಾಗಿ ಮೇಲೆ ಬಂದಾಗ ಬೆಂಚಿನ ಮೇಲೆ ತಮ್ಮದೇ ಚೀಲಗಳು ಸಾಲಾಗಿ ಕೂತಿದ್ದನ್ನು ಕಂಡಿದ್ದರು. "ಸದ್ಯ, ಚೀಲ ಸಿಕ್ತು!" ಎಂದು ಅತ್ತಿಗೆ ಉಸಿರು ಬಿಟ್ಟದ್ದೂ, "ಅತ್ತೆ ಎಲ್ಲಿ?" ಎಂದು ಅಣ್ಣನ ಪುಟ್ಟ ಮಗಳು ಚೀರಿದ್ದೂ ಒಟ್ಟಿಗೇ ಆಯಿತೆಂದು ಮೀಸೆ ಮಾವ ಆಮೇಲೆ ಹೇಳಿದ. ಮಗು ಅಳು ನಿಲ್ಲಿಸದಿದ್ದಾಗ ಅವನೇ ಮೈಕ್ ಹಾಕಿಕೊಟ್ಟಿದ್ದ.

ಮಗು ಅತ್ತೆಯ ಕಾಲಿಗೆ ಬಳ್ಳಿಯಂತೆ ಸುತ್ತಿಕೊಂಡಿತು. ಅಣ್ಣನ ಮುಖ ಬಿಳಿಚಿಹೋಗಿತ್ತು.

"ಎಲ್ಲಿ ಹೋಗಿದ್ದೆ ಮಾರಾಯ್ತಿ? ಜೀವ ಬಾಯಿಗೆ ಬಂದಿತ್ತು!"

ಅತ್ತೆ ಮೈಕಕ್ಕನ ಕಡೆ ನೋಡಿದಳು.

"ಶಾಲಿನ ಬೀದೀಲಿ ಸಿಕ್ಕಿದ್ರು," ಅಂದಳು ಮೈಕಕ್ಕ. "ದಾರಿ ತಪ್ಪಿತ್ತು."

ಎಲ್ಲರೂ ಅವಳಿಗೆ ಕೈ ಮುಗಿದರು. ಅತ್ತಿಗೆ ಕೈ ಹಿಡಿದುಕೊಂಡು, ತಮ್ಮೂರು ಯಾವುದೆಂದು ಹೇಳಿ, ಬಸ್ ನಿಲ್ದಾಣದ ಎದುರಿನ ಟೈರ್ ಅಂಗಡಿಯ ಹಿಂದೆಯೇ ಮನೆ, ಆ ಕಡೆ ಬಂದರೆ ಖಂಡಿತ ಮನೆಗೆ ಬರಬೇಕು ಎಂದಳು. ಅತ್ತೆ ಒಂದೊಂದೇ ಚೀಲ ಹೆಗಲಿಗೇರಿಸಿದಳು. ಮೆಟ್ಟಿಲಿಳಿಯುವಾಗ ಒಮ್ಮೆ ತಿರುಗಿ ನೋಡಿದಳು. ಕೈ ಬೀಸಲು ಕೈ ಖಾಲಿ ಇರಲಿಲ್ಲ.

ಶಾಲಿನಂಗಡಿಯವನ ಬಾಯಿಯಿಂದ ಸುದ್ದಿ ಮೇಲ್ವಿಚಾರಕರಿಗೆ ತಲುಪಿತು. ಅವರು ಕರೆದು ಕೇಳಿದಾಗ ಮೈಕಕ್ಕ ಮುಚ್ಚಿಡದೆ ನಡೆದದ್ದನ್ನು ಹೇಳಿದಳು. ಮೇಲ್ವಿಚಾರಕರು ವಯಸ್ಸಿನಲ್ಲಿ ಅವಳಿಗಿಂತ ಬಹಳ ಚಿಕ್ಕವರು. ಮೇಜಿನ ಮೇಲಿನ ಪೆನ್ನನ್ನು ಹೊರಳಿಸುತ್ತ, "ಮತ್ತೆ ಹೀಗಾಗೋದು ಬೇಡಮ್ಮ. ಆ ಮಗು ತುಂಬಾ ಹೆದರಿಬಿಟ್ಟಿತ್ತಂತೆ" ಎಂದರು. ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಆ ಎಳೆಯ ದನಿ ಬೇಡ ಬೇಡವೆಂದರೂ ಕಿವಿಯಲ್ಲೇ ಉಳಿದಿತ್ತು. ಅಂಗಡಿಯವರು ಒಂದಷ್ಟು ದಿನ ಅವಳನ್ನು ಕಂಡರೆ ನಕ್ಕು ಮಾತಾಡಿಸಿದರು. ಒಂಟಿಯಾಗಿ ಹೋಗುತ್ತಿದ್ದವಳಿಗೆ ನಿಂತು ಮಾತು ಬೆಳೆಸುವುದು ಬರಲಿಲ್ಲ. ಅವರೂ ನಿಧಾನಕ್ಕೆ ತಮ್ಮ ಪಾಡಿಗೆ ತಾವಾದರು.

ಚಳಿ ಮುಗಿದು ಬಿಸಿಲು ಶುರುವಾದ ಮೇಲೆ ಮೈಕಕ್ಕ ಒಂದು ದಿನ ರಜೆ ಹಾಕಿ ಅತ್ತೆಯ ಊರಿನ ಬಸ್ಸು ಹತ್ತಿದಳು. ಹೊರಡುವ ಮುಂಚೆ ಅಮ್ಮನ ಮಂಚದ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಹೊಸ ಹೊದಿಕೆ ಹಾಸಿದ್ದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಅವಳೂ ತನ್ನನ್ನು ಕೇಳಿಕೊಳ್ಳಲಿಲ್ಲ.

ಮನೆ ಸುಲಭವಾಗಿ ಸಿಕ್ಕಿತು. "ಅಯ್ಯೋ, ಮೈಕ್ ಮೇಡಂ! ಬನ್ನಿ ಬನ್ನಿ!" ಎಂದು ಅತ್ತಿಗೆ ಸಂಭ್ರಮಪಟ್ಟಳು. ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು. ಮುಖ ಅರಳಿತು. ಆಮೇಲೆ ಸುತ್ತ ಇದ್ದವರನ್ನು ನೋಡಿ ಆ ಅರಳಿದ್ದನ್ನು ಸ್ವಲ್ಪ ಮಡಚಿಟ್ಟುಕೊಂಡಳು. ಪಕ್ಕದ ಮನೆಯವರೂ ಬಂದು ಸೇರಿದರು. ಅತ್ತೆ ತಪ್ಪಿಸಿಕೊಂಡ ಕಥೆಯನ್ನು ಅಣ್ಣ ಕೈಕಾಲು ಸೇರಿಸಿ ಹೇಳಿದ. ಅವನ ಕಥೆಯಲ್ಲಿ ಅತ್ತೆ ಓಣಿಯೊಂದರಲ್ಲಿ ಗೋಳೋ ಎಂದು ಅಳುತ್ತ ನಿಂತಿದ್ದಳು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಅಣ್ಣನ ಪುಟ್ಟ ಮಗಳು ಬಂದು, "ಮೈಕಲ್ಲಿ ಮಾತಾಡಿದ್ದು ನಾನೇ" ಎಂದು ಮೈಕಕ್ಕನ ಮಡಿಲೇರಿ ಕೂತಳು. ಸಾವಿರಾರು ಜನರಿಗೆ ಕೇಳುವಂತೆ ಮಾತಾಡಿದ್ದ ಮೈಕಕ್ಕನಿಗೆ ಆ ನಡುಮನೆಯಲ್ಲಿ ಆಡಲು ಒಂದು ವಾಕ್ಯವೂ ಸಿಗಲಿಲ್ಲ.

ಊಟದ ತಟ್ಟೆ ಇಡುವ ನೆಪದಲ್ಲಿ ಅಡುಗೆಮನೆಗೆ ಹೋದಳು. ಅಲ್ಲಿ ಅತ್ತೆ, ಅವಳು ಇಬ್ಬರೇ.

"ಆ ಮಂಚ..." ಎಂದು ಶುರುಮಾಡಿದಳು.

"ಆ ಮಾತು ಇಲ್ಲಿ ಬೇಡ ಅಕ್ಕ," ಅತ್ತೆ ಮೆಲ್ಲಗೆ ಅಂದಳು. ನಲ್ಲಿ ತಿರುಗಿಸಿದಳು, ನೀರಿನ ಸದ್ದಿನ ಮರೆಯಲ್ಲಿ ಮಾತಾಡಿದಳು. "ಅವತ್ತು ಅವಳು ಕೂಗದೇ ಇದ್ದಿದ್ರೆ ಏನು ಹೇಳ್ತಿದ್ನೋ, ನನಗೇ ಗೊತ್ತಿಲ್ಲ. ಪಾತ್ರೆ ತೊಳೆಯುವಾಗ ದಿನಾ ಆ ಅರಮನೆಗೆ ಹೋಗಿ ಬರ್ತೀನಿ. ಒಂದೊಂದೇ ಕೋಣೆ ದಾಟ್ತೀನಿ. ನನಗೆ ಅಷ್ಟು ಸಾಕಾಗುತ್ತೆ ಕಣಕ್ಕ." ತೊಳೆದ ತಟ್ಟೆಯೊಂದನ್ನು ಮೈಕಕ್ಕನ ಕೈಗಿಟ್ಟು, "ನಿಮಗೆ ಸಾಲದು ಅಂತ ಗೊತ್ತು" ಎಂದಳು.

ಮೈಕಕ್ಕ ತೊಳೆದ ತಟ್ಟೆಗಳನ್ನು ಒರೆಸಿ ಒಂದರ ಮೇಲೊಂದು ಇಟ್ಟಳು. ಕೆಲಸ ಮುಗಿಯುವವರೆಗೂ ಇಬ್ಬರೂ ಒತ್ತಿಕೊಂಡೇ ನಿಂತಿದ್ದರು. ಹೊರಗಿನಿಂದ ಯಾರೋ "ಅತ್ತೇ" ಎಂದು ಕರೆದರು.

ಸಂಜೆಗೆ ಮೊದಲೇ ಅಣ್ಣನ ಹಿರೇಮಗ ಅವಳನ್ನು ಎದುರಿನ ನಿಲ್ದಾಣಕ್ಕೆ ಕರೆತಂದು ಬಸ್ ಹತ್ತಿಸಿ ಹೋದ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಪಕ್ಕದಲ್ಲಿ ಬಂದು ಕೂತ ಅಪರಿಚಿತ ಹುಡುಗಿ, ಯಾವುದೋ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬಂದವಳಂತೆ ಸೋತುಹೋಗಿದ್ದಳು.

"ನೆಂಟರ ಮನೆಗೆ ಬಂದಿದ್ರಾ ಆಂಟಿ?"

"ಗೊತ್ತಿರೋರ ಮನೆಗೆ."

ಬಸ್ಸು ಊರು ದಾಟುವಷ್ಟರಲ್ಲಿ ಹುಡುಗಿಗೆ ಜೋಂಪು ಹತ್ತಿತು. ತಲೆ ಎರಡು ಸಲ ತೂಗಿ, ಮೂರನೆಯ ಸಲ ಮೈಕಕ್ಕನ ಹೆಗಲಿಗೆ ಬಂದು ನಿಂತಿತು. ಬಿಸಿಯಾದ, ಭಾರವಾದ ತಲೆ. ಹೊರಗೆ ಹೊಲಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಕಿಟಕಿಯಿಂದ ಗಾಳಿ ರಾಚಿದರೂ ಅವಳು ಗಾಜು ಎಳೆಯಲು ಕೈಯೆತ್ತಲಿಲ್ಲ. ತನ್ನ ಊರು ಬರುವವರೆಗೂ ಮಿಸುಕಾಡದೆ ಕೂತಿದ್ದಳು.